ಕಠ್ಮಂಡುವಿನ ತರಗತಿಯಲ್ಲಿ ನನ್ನ ಎಡಗೈ

ಟಿಳಕವಾಡಿ

ನೇಪಾಳಕ್ಕೆ ಹೋಗಿ ಬಂದೆನೆಂದರೆ ನಮ್ಮ ಓಣಿಯಲ್ಲಿ ಯಾರೂ ಅದನ್ನು ಪರದೇಶವೆಂದು ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಿಟ್ಟುಕೊಳ್ಳುವ ದೇಶ ಎಂಥ ಪರದೇಶ ಎಂಬುದು ಅವರ ತಕರಾರು. ಮತದಾರರ ಗುರುತಿನ ಚೀಟಿ ತೋರಿಸಿ ಹೋದಿರಲ್ಲ, ಹಾಗಾದರೆ ಅದೊಂದು ದೂರದ ಮತಗಟ್ಟೆ ಎಂದು ಎದುರುಮನೆಯವರು ಚಾಷ್ಟಿ ಮಾಡಿದರು. ಮಾಡಲಿ. ಬೆಳಗಾವಿಯ ಆಟೋ ನಗರದ ವರ್ಕ್‌ಶಾಪಿನಲ್ಲಿ ಲೇಥ್ ಮಷೀನಿನ ಮುಂದೆ ನಿಂತೇ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಇತ್ತ ಗೋವೆ, ಅತ್ತ ಹುಬ್ಬಳ್ಳಿ ದಾಟಿ ಹೋದದ್ದೇ ಕಡಿಮೆ. ನನ್ನ ಪಾಲಿಗೆ ಅದು ಪರದೇಶವೇ.

ಹೋದದ್ದು ಊರು ನೋಡಲಿಕ್ಕಲ್ಲ, ಸಾಲಿ ಕಲಿಯಲಿಕ್ಕೆ. ಈ ವಯಸ್ಸಿನಲ್ಲಿ ಎಂಥ ಸಾಲಿ ಎಂದು ಕೇಳಬೇಡಿ, ಹೇಳುತ್ತೇನೆ. ನನ್ನ ಹೆಂಡತಿ ಸುರೇಖಾ ತೀರಿಕೊಂಡ ಮೇಲೆ ರವಿವಾರದ ಬೆಳಗುಗಳು ನನಗೆ ದೊಡ್ಡ ಫಜೀತಿಯಾದವು. ಬಾಕಿ ದಿನ ವರ್ಕ್‌ಶಾಪಿನ ಸದ್ದು ಇರುತ್ತದೆ. ರವಿವಾರ ಮನೆ ಪೂರ್ತಿ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ. ಅಂಥದೊಂದು ಬೆಳಿಗ್ಗೆ ಟಿಳಕವಾಡಿಯ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ 'ಬುದ್ಧನ ಬೋಧನೆ ಮತ್ತು ಧ್ಯಾನ' ಎಂಬ ಪುಟ್ಟ ಬೋರ್ಡು ನೋಡಿದೆ. ಮೆಟ್ಟಿಲು ಹತ್ತಿದೆ.

ಕಲಿಸುತ್ತಿದ್ದವರು ಕುಲಕರ್ಣಿ ಬಾಯಿಯವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ದುಃಖ, ದುಃಖದ ಮೂಲ, ಅದರ ನಿವಾರಣೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ಮೊದಲು ಎಲ್ಲಿ ಸದ್ದು ಬರುತ್ತಿದೆ ನೋಡು, ಆಮೇಲೆ ಯಾಕೆ ಬರುತ್ತಿದೆ ನೋಡು, ಆಮೇಲೆ ಸ್ಪ್ಯಾನರ್ ಕೈಗೆ ತಗೋ: ನನಗೆ ಈ ಕ್ರಮ ಚೆನ್ನಾಗಿ ಹಿಡಿಸಿತು. ಎಂಜಿನ್ ರಿಪೇರಿ ಮಾಡಿದವನಿಗೆ ಬುದ್ಧ ಅಪರಿಚಿತನೇನಲ್ಲ.

ನಾವು ಲಿಂಗವಂತರು. ಕೊರಳಲ್ಲಿರುವ ಇಷ್ಟಲಿಂಗವನ್ನು ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟು, ಕಣ್ಣಿನ ಎತ್ತರಕ್ಕೆ ಹಿಡಿದು, ಅದನ್ನೇ ನೋಡುತ್ತ ಕೂರುವುದು ನಮ್ಮ ಪೂಜೆ. ಸುರೇಖಾ ಹೋದ ದಿನದಿಂದ ನನಗೆ ಅದು ಆಗದಾಯಿತು. ಲಿಂಗ ಕೊರಳಲ್ಲೇ ಇತ್ತು, ಆದರೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಇನ್ನುಳಿದ ಬೆಳಗುಗಳಲ್ಲಿ ನಾನು ಹೇಗೆ ಕೂರಲಿ ಎಂಬುದೊಂದೇ ನನ್ನ ಪ್ರಶ್ನೆಯಾಗಿತ್ತು. ಕಠ್ಮಂಡುವಿನ ಕೇಂದ್ರವೊಂದರಲ್ಲಿ ತರಗತಿಗಳು ನಡೆಯುತ್ತವೆ, ಕೊನೆಯ ದಿನ ಬೇಕಾದವರಿಗೆ ಬುದ್ಧ, ಧರ್ಮ, ಸಂಘಗಳ ತ್ರಿಶರಣ ಕೊಡುತ್ತಾರೆ ಎಂದು ಬಾಯಿಯವರು ಹೇಳಿದಾಗ ಮನಸ್ಸಿನಲ್ಲೇ ನಿರ್ಧಾರ ಮಾಡಿದೆ. ಬುದ್ಧನಿಗೆ ಶರಣು ಹೋಗುವುದು, ಕೊರಳಿನದನ್ನು ತೆಗೆದುಬಿಡುವುದು.

ನಮ್ಮ ಕಡೆ ಹಾದಿಯಲ್ಲಿ ಸಿಕ್ಕವರಿಗೂ ಶರಣು ಎನ್ನುತ್ತೇವೆ. ಅದಕ್ಕೆಂದು ವಿಮಾನ ಹತ್ತಿ ಹೊರಟವನು ನಮ್ಮ ಓಣಿಯಲ್ಲಿ ನಾನೊಬ್ಬನೇ ಇರಬೇಕು.

ಸ್ತೂಪದ ಸುತ್ತ

ಕೇಂದ್ರ ಇದ್ದದ್ದು ಬೌದ್ಧನಾಥ ಸ್ತೂಪದ ಹಿಂದಿನ ಗಲ್ಲಿಯಲ್ಲಿ. ಸ್ತೂಪವೆಂದರೆ ಬಿಳಿಯ ಗುಡ್ಡವೊಂದಕ್ಕೆ ಕಣ್ಣು ಬರೆದು ಕೂರಿಸಿದಂತೆ. ಬೆಳಗಾದರೆ ಸಾಕು, ಊರಿಗೆ ಊರೇ ಅದನ್ನು ಸುತ್ತಲು ಹೊರಡುತ್ತದೆ. ಜಪಮಣಿ ಎಣಿಸುವ ಮುದುಕರು, ಮೊಬೈಲಿನಲ್ಲಿ ಮಾತಾಡುವ ಹುಡುಗಿಯರು, ಕೊರಳಪಟ್ಟಿ ಕಟ್ಟಿದ ನಾಯಿ ಹಿಡಿದವರು, ಎಲ್ಲರೂ ಒಂದೇ ದಿಕ್ಕಿಗೆ. ಕೆಲವರು ನೆಲಕ್ಕೆ ಉದ್ದಕ್ಕೆ ಬಿದ್ದು, ಎದ್ದು, ಮತ್ತೆ ಬೀಳುತ್ತ ಸಾಗುತ್ತಿದ್ದರು. ನಮ್ಮ ಕಡೆಯ ದೀಡ ನಮಸ್ಕಾರವೇ. ಆದರೆ ಇವರು ಅಂಗೈಗೆ ಹಲಗೆ ಕಟ್ಟಿಕೊಂಡಿದ್ದರು. ನಮ್ಮವರಿಗೆ ಈ ಉಪಾಯ ಯಾಕೆ ಹೊಳೆಯಲಿಲ್ಲವೋ.

ಮೊದಲ ದಿನ ಸ್ತೂಪದ ಎದುರು ನಿಂತಾಗ ಒಂದು ಚಹಾ ಅಂಗಡಿ ನನ್ನ ಬಲಕ್ಕೆ, ನಾಲ್ಕು ಹೆಜ್ಜೆ ಆಚೆಗೆ ಕಂಡಿತು. ಹತ್ತಿರದ ದಾರಿ ಎಂದು ಆ ಕಡೆಗೇ ನಡೆದೆ. ಇಡೀ ಜನಸಾಗರ ಎದುರಿಗೆ ಬರುತ್ತಿತ್ತು. ಪ್ರದಕ್ಷಿಣೆಯಲ್ಲಿ ಸ್ತೂಪ ಬಲಗಡೆಗಿರಬೇಕು ಎಂಬುದು ನನಗೂ ಗೊತ್ತು, ಆದರೆ ಚಹಾದ ಮುಂದೆ ಗೊತ್ತಿದ್ದದ್ದೆಲ್ಲ ಮರೆಯುತ್ತದೆ. ಪಟ್ಟಿಪಟ್ಟಿಯ ಉಡುಪಿನ ಒಬ್ಬ ಮುದುಕಿ ಜಪ ನಿಲ್ಲಿಸದೆಯೇ ನನ್ನ ಎರಡೂ ಭುಜ ಹಿಡಿದು, ಹಠ ಮಾಡುವ ಎತ್ತನ್ನು ತಿರುಗಿಸಿದ ಹಾಗೆ ತಿರುಗಿಸಿ, ಬೆನ್ನಿಗೊಂದು ಕೊಟ್ಟು ಮುಂದೆ ಹೋದಳು. ಚಹಾಕ್ಕಾಗಿ ಪೂರ್ತಿ ಒಂದು ಸುತ್ತು ಹಾಕಬೇಕಾಯಿತು.

ಆ ಮುದುಕಿಯ ಹಿಡಿತ ನನ್ನ ಅತ್ತೆಯದ್ದೇ. ಖಾನಾಪುರದಲ್ಲಿ ನನ್ನ ಮಾವನವರಿಗೆ ಹಂಚಿನ ಭಟ್ಟಿ ಇತ್ತು. ಒದ್ದೆ ಮಣ್ಣು ಮಿದ್ದು ಅತ್ತೆಯ ಕೈಗೆ ಅಂಥ ಕಸುವು ಬಂದಿತ್ತು. ಮದುವೆಯಾದ ಹೊಸದರಲ್ಲಿ ಸುರೇಖಾ ಮತ್ತು ನಾನು ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಹೋಗುತ್ತಿದ್ದೆವು. ದೇಸೂರಿನಲ್ಲಿ ಗಾಡಿ ನಿಂತರೆ ಕಿಟಕಿಯಿಂದ ನಮ್ಮ ಹೊಲ ಕಾಣುತ್ತಿತ್ತು. ನೋಡ್ರಿ, ನಿಮ್ಮ ಆಸ್ತಿ ಓಡಿಹೋಗಿಲ್ಲ ಎಂದು ಅವಳು ಪ್ರತಿ ಸಲವೂ ಚುಡಾಯಿಸುತ್ತಿದ್ದಳು. ತವರು ಮುಟ್ಟಿದ ಮೇಲೆ ತಾಯಿ ಮಗಳ ಮರಾಠಿ ಶುರುವಾಯಿತೆಂದರೆ ನನ್ನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವಳು ಹೋದ ಮೇಲೆ ನಾನು ಖಾನಾಪುರಕ್ಕೆ ಕಾಲಿಟ್ಟಿರಲಿಲ್ಲ. ಆಗ ಅತ್ತೆ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಿದ್ದರು, ಮಗಳ ಮಣ್ಣಿಗೂ ಬರಲಾಗಲಿಲ್ಲ. ಆ ಮುಖವನ್ನು ನಾನು ಹೇಗೆ ನೋಡಲಿ ಎಂದು ಫೋನಿನಲ್ಲೇ ದಿನ ದೂಡುತ್ತಿದ್ದೆ.

ಕುಂದಾದ ಡಬ್ಬಿ

ಬರಿಗೈಯಲ್ಲಿ ಗುರುಗಳ ಹತ್ತಿರ ಹೋಗಬಾರದೆಂದು ನಮ್ಮ ಬೆಳಗಾವಿಯ ಹಾಲಿನ ಮಿಠಾಯಿ ಕುಂದಾ ಒಯ್ದಿದ್ದೆ. ತರಗತಿಯ ಮೊದಲ ದಿನ ಡಬ್ಬಿಯನ್ನು ಬುದ್ಧನ ಮೂರ್ತಿಯ ಮುಂದೆ, ಬಿಸ್ಕತ್ತಿನ ಪೊಟ್ಟಣಗಳ ಪಕ್ಕದಲ್ಲಿಟ್ಟೆ. ಅವರಲ್ಲಿ ಅಂಗಡಿಯ ಬಿಸ್ಕತ್ತು, ಹಣ್ಣಿನ ರಸದ ಪಾಕೀಟು ಎಲ್ಲವೂ ನೈವೇದ್ಯಕ್ಕೆ ನಡೆಯುತ್ತದೆ. ಮಡಿ ಹಾಳಾಯಿತೆಂದು ಯಾರೂ ಕೂಗಾಡುವುದಿಲ್ಲ.

ಗುರುಗಳು ವಯಸ್ಸಾದ ಲಾಮಾ. ಸದಾ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು, ತಮ್ಮ ಮಾತಿಗೆ ತಾವೇ ಮೊದಲು ನಗುತ್ತಿದ್ದರು. ಅವರು ಟಿಬೆಟಿ ಭಾಷೆಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿದ್ದ ಸನ್ಯಾಸಿನಿಯೊಬ್ಬರು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಅವರನ್ನು ಎಲ್ಲರೂ ಆನಿ ಡೋಲ್ಮಾ ಎನ್ನುತ್ತಿದ್ದರು. ಆನಿ ಎಂದರೆ ಸನ್ಯಾಸಿನಿ. ನನ್ನ ಇಂಗ್ಲಿಷು ಬೇರಿಂಗ್, ಬುಶ್, ಗ್ಯಾಸ್ಕೆಟ್ಟಿನಾಚೆ ಹೋಗುವುದಿಲ್ಲ. ಹೀಗಾಗಿ ಮೊದಲ ದಿನದ ಕರುಣೆಯ ಪಾಠದಲ್ಲಿ ಅರ್ಧಕ್ಕರ್ಧ ಕಳೆದುಕೊಂಡೆ.

ಪಾಠ ಮುಗಿದು ಪ್ರಸಾದ ಹಂಚುವಾಗ ಆನಿ ಡೋಲ್ಮಾ ಕುಂದಾದ ಡಬ್ಬಿ ಎತ್ತಿ ಮುಚ್ಚಳ ತೆಗೆದರು. ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಸಭೆಯನ್ನೆಲ್ಲ ಒಮ್ಮೆ ನೋಡಿ, ಸೀದಾ ನನ್ನ ಕಡೆ ಬಂದು ಕೇಳಿದರು.

"ಬೆಳಗಾವ್ಯಾಗಿಂದ ಬಂದೀರೇನ್ರಿ ಕಾಕಾ?"

ಕಠ್ಮಂಡುವಿನಲ್ಲಿ, ಕೆಂಪು ಉಡುಪಿನ, ಬೋಳು ತಲೆಯ ಟಿಬೆಟಿ ಹೆಣ್ಣುಮಗಳ ಬಾಯಲ್ಲಿ ನಮ್ಮ ಮಾತು ಕೇಳಿ ಹೌದು ಹೌದೆಂದು ತಲೆಯಾಡಿಸುತ್ತಲೇ ಹೋದೆ. ಆಕೆ ಹುಟ್ಟಿ ಬೆಳೆದದ್ದು ಮುಂಡಗೋಡದ ಟಿಬೆಟಿ ಕ್ಯಾಂಪಿನಲ್ಲಿ. ಚಳಿಗಾಲ ಬಂತೆಂದರೆ ಅವರ ತಾಯಿ ಬೆಳಗಾವಿಯ ಫುಟ್‌ಪಾತಿನಲ್ಲಿ ಸ್ವೆಟರ್ ಅಂಗಡಿ ಹಾಕುತ್ತಿದ್ದರಂತೆ. ಸ್ವೆಟರಿನ ಗಂಟಿನ ಮೇಲೆ ಕೂತೇ ಈಕೆ ಕನ್ನಡ ಕಲಿತದ್ದು.

"ಬೆಳಗಾವಿ ಥಂಡಿ ನಮ್ಮನ್ನ ಸಾಕೇತ್ರಿ," ಎಂದರು ಆನಿ.

ಆಮೇಲೆ ಅವರ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಈಗಲೂ ಅಷ್ಟು ಥಂಡಿ ಬೀಳುತ್ತದೆಯೇ, ಚುರುಮರಿ ಗಾಡಿಗಳು ಇವೆಯೇ, ತಾಯಿಯ ಹತ್ತಿರ ಸ್ವೆಟರು ಕೊಂಡು ಪಕ್ಕದಲ್ಲೇ ಕುಳಿತು ಊಟ ಮಾಡುತ್ತಿದ್ದ ಹಳ್ಳಿಯವರು ಈಗಲೂ ಸಂತೆಗೆ ಬರುತ್ತಾರೆಯೇ. ತಾಯಿ ತೀರಿಹೋಗಿ ಬಹಳ ವರ್ಷವಾಗಿದೆ ಎಂದು ನಡುವೆ ಹೇಳಿದರು. ರೊಟ್ಟಿ ಬಡಿಯುವ ಸದ್ದು ಕೇಳಿ ಎಷ್ಟೋ ಕಾಲವಾಯಿತು ಎಂದರು. ಬೆಳಗಾವಿಯನ್ನು ಬಿಟ್ಟು ಬಂದ ನಾನು ಬೆಳಗಾವಿಗಾಗಿ ಹಂಬಲಿಸುವವರ ಎದುರು ಕೂತಿದ್ದೆ. ಅಂದಿನಿಂದ ಪಾಠದ ಮುಖ್ಯ ಮಾತುಗಳನ್ನು ಅವರು ನನಗೆ ಕನ್ನಡದಲ್ಲೂ ಹೇಳುತ್ತಿದ್ದರು.

ಎತ್ತಿದ ಕೈ

ಧ್ಯಾನಕ್ಕೆ ಕೂರುವ ರೀತಿಯನ್ನು ಗುರುಗಳು ತೋರಿಸಿಕೊಟ್ಟರು. ಬೆನ್ನು ನೆಟ್ಟಗೆ, ಎರಡೂ ಕೈ ಮಡಿಲಲ್ಲಿ, ಒಂದರ ಮೇಲೊಂದು. ಉಸಿರು ಬರುವುದನ್ನು ಹೋಗುವುದನ್ನು ಗಮನಿಸುವುದು. ನನಗೆ ಸುಲಭವೆನಿಸಿತು. ಉಸಿರು ತಣ್ಣಗಾಯಿತು, ಗಲ್ಲಿಯ ಸದ್ದು ದೂರವಾಯಿತು.

ಅಷ್ಟರಲ್ಲಿ ಗುರುಗಳ ದನಿ ಕೇಳಿಸಿತು. ಹಿಂದೆಯೇ ಆನಿಯ ದನಿ.

"ಕಾಕಾ, ಏನರ ಕೇಳೂದೈತೇನ್ರಿ?"

ಕಣ್ಣು ಬಿಟ್ಟರೆ ಇಡೀ ತರಗತಿ ನನ್ನನ್ನು ನೋಡುತ್ತಿತ್ತು. ನನ್ನ ಎಡಗೈ ನನಗೆ ಹೇಳದೆ ಕೇಳದೆ ಮೇಲೆದ್ದು ನಿಂತಿತ್ತು. ಪ್ರಶ್ನೆ ಕೇಳಲು ಕೈಯೆತ್ತಿದ್ದಾನೆಂದು ಗುರುಗಳು ಧ್ಯಾನ ನಿಲ್ಲಿಸಿದ್ದರು. ಏನಿಲ್ಲ ಎಂದು ಕೈ ಇಳಿಸಿದೆ. ಮರುದಿನ ಮತ್ತೆ ಅದೇ. ಅದರ ಮರುದಿನ ಮೊಣಕೈ ತಾಗಿ ಪಕ್ಕದ ಬ್ರೆಜಿಲಿನ ಹುಡುಗಿಯ ಕನ್ನಡಕ ಹಾರಿತು. ಆಕೆ ನಕ್ಕಳು, ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಲಗೈಯಿಂದ ಎಡಗೈಯನ್ನು ಅದುಮಿ ಹಿಡಿದು ಕೂತೆ. ಇಡೀ ಹೊತ್ತು ಕೈ ಹಿಡಿಯುವುದರಲ್ಲೇ ಹೋಯಿತು, ಉಸಿರು ಎಲ್ಲಿ ಹೋಯಿತೋ.

ಇನ್ನು ತಡೆಯಲಾರದೆ ಆ ಸಂಜೆ ಆನಿಯನ್ನು ಕರೆದುಕೊಂಡು ಗುರುಗಳ ಕೋಣೆಗೆ ಹೋದೆ. ಅಂಗಿಯೊಳಗಿನ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ತೆಗೆದು ತೋರಿಸಿ, ಕೈ ಏಳುವುದು ಇದರ ರೂಢಿಯಿಂದ, ತ್ರಿಶರಣದ ದಿನ ಇದನ್ನು ತೆಗೆದುಬಿಡುತ್ತೇನೆ, ಆಗ ಸರಿಹೋಗುತ್ತದೆ ಎಂದೆ. ತೆಗೆದು ಎಲ್ಲಿಡುತ್ತೀರಿ ಎಂದು ಗುರುಗಳು ಕೇಳಿದರು. ಮಲಪ್ರಭಾ ಹೊಳೆಗೆ ಬಿಡುತ್ತೇನೆ ಎಂದೆ. ಅವರು ಕರಡಿಗೆಯನ್ನೇ ನೋಡುತ್ತ ಏನೋ ಹೇಳಿದರು.

"ಬಿಡೂಕಿಂತ ಮೊದಲ ಒಮ್ಮೆ ತೋರಸ್ರಿ ಅಂತಾರ ಕಾಕಾ. ಅವರು ಇದನ್ನ ಯಾವತ್ತೂ ನೋಡಿಲ್ಲಂತ."

ಇದನ್ನು ನಾನು ಎಣಿಸಿರಲಿಲ್ಲ. ಕಲಿಸುವವರೇ ಕಲಿಯುವ ಆಸೆಯಿಂದ ಮುಂದೆ ಬಾಗಿ ಕೂತಿದ್ದರು. ಇಲ್ಲವೆನ್ನುವುದು ಹೇಗೆ? ಕರಡಿಗೆ ಬಿಚ್ಚಿದೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮೇಲೆತ್ತಿದೆ. ಎಲ್ಲಿ ನೋಡುತ್ತೀರಿ ಎಂದು ಕೇಳಿದರು. ಲಿಂಗದ ಕಪ್ಪು ಮೈಮೇಲೆ ದೀಪ ಹೊಳೆಯುತ್ತದಲ್ಲ, ಅಲ್ಲಿ ಎಂದೆ. ರೆಪ್ಪೆ ಬಡಿಯುತ್ತೀರಾ ಎಂದರು. ಆದಷ್ಟು ಇಲ್ಲ ಎಂದೆ. ನಿಮಗಿದನ್ನು ಯಾರು ರೂಢಿ ಮಾಡಿಸಿದರು ಎಂದರು. ಹೆಂಡತಿ ಎಂದೆ. ಅಷ್ಟು ಹೇಳಿದ್ದೇ ತಡ, ಲಿಂಗವನ್ನು ಕರಡಿಗೆಗೆ ಸೇರಿಸಿದೆ. ಯಾರಿಗೂ ಹೇಳದಿದ್ದುದನ್ನು ಆ ಇಬ್ಬರಿಗೆ ಹೇಳಿದೆ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ. ಪದ್ಮಾಸನ ಹಾಕಿಸಿ, ಅವರ ಲಿಂಗವನ್ನು ಅವರದೇ ಎಡಗೈಯಲ್ಲಿ ಇಡುತ್ತೇವೆ. ದೇಸೂರಿನ ಹೊಲದಲ್ಲಿ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ನನ್ನನ್ನು ಕುಣಿಯೊಳಕ್ಕೆ ಇಳಿಸಿದರು. ಸುರೇಖಾಳ ಅಂಗೈ ಬಿಡಿಸಿ ಲಿಂಗವಿಟ್ಟೆ. ಕೈ ಜಾರಿತು. ಎತ್ತಿ ಇಟ್ಟೆ, ಮತ್ತೆ ಜಾರಿತು. ಒಂದು ದಿನವೂ ಪೂಜೆ ತಪ್ಪಿಸದವಳು, ಜ್ವರ ಬಂದರೂ ಕೈ ಇಳಿಸದವಳು. ಮೇಲೆ ನಿಂತ ಜನ ನೋಡುತ್ತಿದ್ದರು. ನೀವೇ ಹಿಡಿದುಕೊಳ್ಳಿ ಎಂದರು ಅಯ್ಯನವರು. ಅಂದಿನಿಂದ ನಾನು ಅಂಗೈ ಎತ್ತಿದರೆ ಕಾಣುವುದು ಲಿಂಗವಲ್ಲ, ಜಾರುವ ಆ ಕೈ. ಅದಕ್ಕೇ ಪೂಜೆ ಬಿಟ್ಟೆ, ಅದಕ್ಕೇ ಮೆಟ್ಟಿಲು ಹತ್ತಿದೆ, ಅದಕ್ಕೇ ಇಲ್ಲಿಯತನಕ ಬಂದೆ.

ಆನಿ ಇದನ್ನೆಲ್ಲ ಟಿಬೆಟಿಗೆ ತಿರುಗಿಸಿದರು. ಗುರುಗಳು ಮೊಣಕಾಲು ತಿಕ್ಕುತ್ತ ಕೇಳಿದರು, ಈ ಸಲ ನಗಲಿಲ್ಲ. ಆಮೇಲೆ ಚಿಕ್ಕದಾಗಿ ಏನೋ ಹೇಳಿದರು.

"ನಾಳೆ ಇದನ್ನ ಹಿಡಕೊಂಡ ಕುಂದರ್ರಿ ಅಂತಾರ. ಜಾರಿದ್ದು ಕಾಣತೈತಿ. ಕಾಣ್ಲಿ ಅಂತಾರ."

ಮಡಿಲಿನ ಕೈಗಳ ನಡುವೆ

ಮರುದಿನ ಗೋಡೆಯ ಕಡೆಗೆ, ಯಾರ ಕನ್ನಡಕಕ್ಕೂ ಅಪಾಯವಿಲ್ಲದ ಮೂಲೆಯಲ್ಲಿ ನನಗೆ ಜಾಗ ಮಾಡಿಕೊಟ್ಟಿದ್ದರು. ಎಲ್ಲರ ಕೈಗಳೂ ಮಡಿಲಲ್ಲಿ, ನನ್ನದೊಂದು ಮಾತ್ರ ಮೇಲೆ. ಜಾರುವ ಕೈ ಕಂಡಿತು. ಎಂದಿನಂತೆ ಎದ್ದು ಓಡಬೇಕೆನಿಸಿತು. ಓಡದೆ ನೋಡಿದೆ. ಅವಳ ಬೆರಳಿನ ಉಂಗುರದ ಬಿಳಿ ಗುರುತು ಕಂಡಿತು, ಅವಳ ಕೈಯ ಭಾರ ನನ್ನ ಕೈಗೆ ತಿಳಿಯಿತು. ಅಳು ಬಂತು. ಮೂಗು ಸೋರತೊಡಗಿತು. ಒಂದು ಕೈಯಲ್ಲಿ ಲಿಂಗ, ಇನ್ನೊಂದು ಕೈಗೆ ಕರವಸ್ತ್ರ ಸಿಗಲೊಲ್ಲದು. ಬುದ್ಧನ ಮುಂದೆ ಹಾಗೆ ಸೊರಸೊರ ಸದ್ದು ಮಾಡುತ್ತ ಕೂತವನು ನಾನೊಬ್ಬನೇ. ಬ್ರೆಜಿಲಿನ ಹುಡುಗಿ ಎಲ್ಲಿಂದಲೋ ಬಂದು ಕಾಗದದ ಕರವಸ್ತ್ರವೊಂದನ್ನು ನನ್ನ ಮೊಣಕಾಲ ಮೇಲಿಟ್ಟು ಹೋದಳು.

ಅದಾದ ಮೇಲೆ ಉಳಿದ ದಿನಗಳೂ ಹಾಗೇ ಕೂತೆ. ಸಮಾಧಾನ ಸಿಕ್ಕಿತೆಂದು ಹೇಳಲಾರೆ. ಕಂಡದ್ದನ್ನು ಕಾಣುತ್ತ ಕೂರಲು ಬಂತು, ಅಷ್ಟೇ. ಅನಿತ್ಯ ಎಂದು ಕುಲಕರ್ಣಿ ಬಾಯಿಯವರು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ, ನಾನು ಎಷ್ಟು ಸಲ ತಲೆಯಾಡಿಸಿದ್ದೆನೋ. ಅದು ನನಗೆ ತಾಗಿದ್ದು ಆ ಮೂಲೆಯಲ್ಲಿ.

ಕೊನೆಯ ದಿನ ತ್ರಿಶರಣಕ್ಕೆ ಎಲ್ಲರೂ ಸಾಲಾಗಿ ನಿಂತರು. ನಾನು ಹಿಂದೆ ಕುಳಿತೇ ಇದ್ದೆ. ಆನಿ ನನ್ನ ಕಡೆ ನೋಡಿ ಹುಬ್ಬೇರಿಸಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಗುರುಗಳಿಗೆ ಬೇಸರವಾದಂತೆ ಕಾಣಲಿಲ್ಲ. ಸಾಲು ಮುಗಿದ ಮೇಲೆ ನನ್ನನ್ನೂ ಕರೆದು, ಎಲ್ಲರಿಗೂ ಹಾಕಿದಂತೆ ಬಿಳಿಯ ಶಲ್ಯ ಕೊರಳಿಗೆ ಹಾಕಿದರು. ಕರಡಿಗೆಯ ದಾರ ಸಿಕ್ಕಿಕೊಳ್ಳದಂತೆ ತಾವೇ ಸರಿಮಾಡಿದರು. ಬಾಗಿಲತನಕ ಬಂದ ಆನಿಗೆ ನಾನು ಬೆಳಗಾವಿಗೆ ಬರ್ರಿ ಎಂದೆ. ಬರುತ್ತೇನೆ ಎಂದು ಅವರು ಹೇಳಲಿಲ್ಲ. ಅಲ್ಲಿಯ ಥಂಡಿಯನ್ನು ಕೇಳಿದೆನೆಂದು ಹೇಳಿ ಎಂದರು.

ಖಾನಾಪುರ

ಬೆಳಗಾವಿಗೆ ಬಂದ ವಾರದಲ್ಲೇ ಖಾನಾಪುರದ ಗಾಡಿ ಹತ್ತಿದೆ. ದೇಸೂರಿನಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಹೊಲದ ಕಡೆ ನೋಡಿದೆ. ಮುಖ ತಿರುಗಿಸಲಿಲ್ಲ.

ಅತ್ತೆ ಇರುವ ಮೈದುನನ ಮನೆ ಸ್ಟೇಷನ್ನಿಗೆ ಹತ್ತಿರ. ಅತ್ತೆ ಈಗ ವಾಕರ್ ಹಿಡಿದು ಅಡಿಗೆಮನೆಯತನಕ ಬರುತ್ತಾರೆ. ನನ್ನನ್ನು ಕಂಡು ಅಳಲಿಲ್ಲ, ಇಷ್ಟು ದಿನ ಯಾಕೆ ಬರಲಿಲ್ಲವೆಂದೂ ಕೇಳಲಿಲ್ಲ. ಬಹಳ ಸೊರಗಿದ್ದೀರಿ, ಆ ದೇಶದಲ್ಲಿ ಊಟಕ್ಕೆ ಏನು ಕೊಟ್ಟರು ಎಂದು ವಿಚಾರಿಸಿದರು. ಒಳಗೆ ತರಕಾರಿ ತುಂಬಿದ ಕಡುಬು ಎಂದೆ. ಮೈದುನನ ಹೆಂಡತಿ ತಾಟು ತುಂಬ ಬಡಿಸಿದಳು.

ಮರುದಿನ ಬೆಳಿಗ್ಗೆ ಜಳಕ ಮಾಡಿ ಬಂದರೆ ಪೂಜೆಗೆ ಎರಡು ಜಾಗ ಸಿದ್ಧವಾಗಿದ್ದವು. ಅತ್ತೆ ಕುರ್ಚಿಯಲ್ಲಿ, ನಾನು ಪಕ್ಕದ ಮಣೆಯ ಮೇಲೆ. ಇಬ್ಬರೂ ವಿಭೂತಿ ಹಚ್ಚಿಕೊಂಡು ಲಿಂಗ ಹಿಡಿದು ಕೂತೆವು. ಇಷ್ಟು ದಿನ ಬಿಟ್ಟ ರೂಢಿ, ನನ್ನ ತೋಳು ಬೇಗ ಸೋತಿತು, ಕೈ ಮೆಲ್ಲಗೆ ಇಳಿಯತೊಡಗಿತು. ಅತ್ತೆ ತಮ್ಮ ಪೂಜೆ ನಿಲ್ಲಿಸಿ, ಬಗ್ಗಿ, ನನ್ನ ಮೊಣಕೈಯ ಕೆಳಗೆ ತಮ್ಮ ಬಲಗೈ ಕೊಟ್ಟರು.

"ಸುರೇಖಾಂದೂ ಸಣ್ಣಾಕಿದ್ದಾಗ ಹಿಂಗ ಕೈ ಸೋಲ್ತಿತ್ತು. ಬುಡಕ ನಾ ಕೈ ಕೊಡ್ತಿದ್ದೆ," ಎಂದರು.

ನಾನು ಮತ್ತೆ ಲಿಂಗದ ಮೇಲೆ ಕಣ್ಣು ನೆಟ್ಟೆ. ಅವರ ಕೈ ನನ್ನ ಮೊಣಕೈಯ ಕೆಳಗೇ ಇತ್ತು.

"ನನಗಂತೂ ಬರಾಕ ಆಗಲಿಲ್ಲ. ಕಡೀಕ ಆಕಿ ಕೈಯಾಗ ಲಿಂಗ ನಿಂತಿತ್ತೇನ್ರಿ? ಯಾರನ್ನ ಕೇಳಬೇಕಂತ ತಿಳೀಲಿಲ್ಲ ನನಗ. ದಿನಾ ಪೂಜಿಗೆ ಕುಂತಾಗ ಅದ ಚಿಂತಿ."

ನಾನು ಯಾವುದನ್ನು ಮರೆಯಲು ಹಾರಿಹೋಗಿದ್ದೆನೋ, ಅದನ್ನು ಕೇಳಲು ಈ ತಾಯಿ ಇಲ್ಲಿ ಕಾದು ಕೂತಿದ್ದರು. ಒಮ್ಮೆ ಸುಳ್ಳು ಹೇಳಿಬಿಡಲೇ ಎನಿಸಿತು. ಹೇಳಲಿಲ್ಲ.

"ನಿಂತಿರಲಿಲ್ರಿ ಅತ್ತಿ. ಜಾರ್ತಿತ್ತು. ನಾ ಬುಡಕ ಕೈ ಕೊಟ್ಟೆ."

"ಎಲ್ಲೀತನಾ ಕೊಟ್ಟಿದ್ರಿ?"

"ಮಣ್ಣು ನನ್ನ ಕೈಗಿ ಬರೂತನಾ."

ಅತ್ತೆ ತಲೆಯಾಡಿಸಿದರು. ಆಮೇಲೆ ಕಣ್ಣೊರೆಸಿಕೊಂಡು ತಮ್ಮ ಲಿಂಗದ ಕಡೆ ತಿರುಗಿದರು. ನಾವಿಬ್ಬರೂ ಪೂಜೆ ಮುಗಿಸಿ ಎದ್ದಾಗ ಹೊತ್ತು ಬಹಳ ಏರಿತ್ತು.